ಸ್ಥಾನ ತಪ್ಪಿದ ಹಲ್ಲು: ಮೊದಲ ಒಂದು ಗಂಟೆ



ವಸತಿ ಸಂಕೀರ್ಣದ ಅಂಗಳದಲ್ಲಿ ಕ್ರಿಕೆಟ್ ಚೆಂಡು ತಗುಲಿದಾಗ, ಶಾಲೆಯ ಮೆಟ್ಟಿಲಿನಲ್ಲಿ ಮಗು ಮುಗ್ಗರಿಸಿದಾಗ, ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಬಿದ್ದಾಗ, ಸಾಮಾನ್ಯವಾಗಿ ಪೆಟ್ಟು ತಿನ್ನುವುವು ಮೇಲ್ದವಡೆಯ ಬಾಚಿಹಲ್ಲುಗಳು. ಹಲ್ಲು ಓರೆಯಾಗಬಹುದು, ಒಸಡಿನೊಳಗೆ ಕುಸಿಯಬಹುದು, ಅರ್ಧ ಹೊರಬರಬಹುದು ಇಲ್ಲವೇ ಬೇರುಸಹಿತ ಕಳಚಿ ನೆಲಕ್ಕೆ ಬೀಳಬಹುದು. ಹೀಗೆ ಕಳಚಿದ ಹಲ್ಲಿನ ಅಳಿವು ಉಳಿವು ವೈದ್ಯರ ಕೈಗಿಂತ ಮೊದಲು ಸ್ಥಳದಲ್ಲಿದ್ದವರ ಕೈಯಲ್ಲಿರುತ್ತದೆ.

ಬೇರನ್ನು ಆವರಿಸಿರುವ ತೆಳುಪೊರೆಯ ಜೀವಕೋಶಗಳು ಗಾಳಿಗೆ ಒಣಗಿದರೆ ಅರ್ಧ ಗಂಟೆಯಲ್ಲಿಯೇ ಬಹುಪಾಲು ಸಾಯುತ್ತವೆ. 60 ನಿಮಿಷಗಳ ನಂತರ ಅವು ಬದುಕುವ ಆಸೆ ಇಲ್ಲವೆನ್ನಬೇಕು. ಡೊಂಬಿವಲಿ ಅಥವಾ ಕಲ್ಯಾಣದಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಸಮೀಪದ ಸರ್ಕಾರಿ ದಂತ ಮಹಾವಿದ್ಯಾಲಯಕ್ಕೆ ವೇಗದ ಲೋಕಲ್‌ನಲ್ಲಿಯೂ ಒಂದು ಗಂಟೆ ಬೇಕು. ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ರೈಲು ಹತ್ತುವುದೆಂದರೆ ಅದನ್ನು ದಾರಿಯಲ್ಲಿಯೇ ಕಳೆದುಕೊಂಡಂತೆ.

ಆದುದರಿಂದ ಹಲ್ಲನ್ನು ಹುಡುಕಿ, ಬಿಳಿಯ ಭಾಗವನ್ನಷ್ಟೇ ಹಿಡಿದು ಎತ್ತಬೇಕು. ಬೇರನ್ನು ಮುಟ್ಟಬಾರದು, ಉಜ್ಜಬಾರದು. ಮಣ್ಣು ಹತ್ತಿದ್ದರೆ ಹಾಲಿನಲ್ಲಿ ಅಥವಾ ಸಲೈನ್ ದ್ರಾವಣದಲ್ಲಿ ಮೆಲ್ಲನೆ ಅದ್ದಿ ತೆಗೆದು, ಅದರ ಗುಳಿಯಲ್ಲಿಯೇ ಸರಿಯಾಗಿ ಕೂರಿಸಿ, ಶುಭ್ರ ಬಟ್ಟೆಯನ್ನು ಮಗುವಿಗೆ ಕಚ್ಚಿಸಬೇಕು. ಧೈರ್ಯ ಸಾಲದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ಒಯ್ಯಬಹುದು. ಹಾಲಿನ ಪೊಟ್ಟಣ ಈ ನಗರಗಳಲ್ಲಿ ದುರ್ಲಭವೇನಲ್ಲ. ನಲ್ಲಿಯ ನೀರಿನಲ್ಲಿ ಇರಿಸುವುದು ಸಲ್ಲದು. ಮಗುವಿಗೆ ಪ್ರಜ್ಞೆ ತಪ್ಪಿದ್ದರೆ ಅಥವಾ ವಾಂತಿಯಾಗುತ್ತಿದ್ದರೆ ಹಲ್ಲನ್ನು ಕೂರಿಸಲು ಹೋಗದೆ ಮೊದಲು ಸಾರ್ವಜನಿಕ ಆಸ್ಪತ್ರೆಗೆ ಧಾವಿಸಬೇಕು.

ಹಾಲುಹಲ್ಲಿಗೆ ಈ ಕ್ರಮ ಅನ್ವಯಿಸದು. ಅದನ್ನು ಮರಳಿ ಕೂರಿಸಿದರೆ ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಹಾನಿಯಾಗಬಹುದು. ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆಸೆಯುವ ನಮ್ಮ ಹಳ್ಳಿಯ ವಾಡಿಕೆಗೆ ಆಕ್ಷೇಪವಿಲ್ಲ; ಆರೇಳು ವರ್ಷ ದಾಟಿದ ಮಕ್ಕಳ ವಿಷಯದಲ್ಲಿ ಮಾತ್ರ ಎಸೆಯುವ ಮುನ್ನ ಅದು ಯಾವ ಹಲ್ಲೆಂದು ನೋಡತಕ್ಕದ್ದು.

ಓರೆಯಾದ, ಕುಸಿದ ಹಲ್ಲನ್ನು ಮನೆಯಲ್ಲಿ ಬಲವಂತವಾಗಿ ನೂಕಬಾರದು. ದಂತವೈದ್ಯರು ಮರಗಟ್ಟಿಸುವ ಮದ್ದು ನೀಡಿ ಅದನ್ನು ಸ್ವಸ್ಥಾನಕ್ಕೆ ತಂದು, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಬಂಧಿಸುತ್ತಾರೆ. ಬೇರುಸಹಿತ ಕಳಚಿ ಮರಳಿ ಕೂರಿಸಿದ ಹಲ್ಲಿಗೆ ಸಾಮಾನ್ಯವಾಗಿ 2 ವಾರ, ಓರೆಯಾದುದಕ್ಕೆ 4 ವಾರ ಈ ಬಂಧ ಬೇಕಾಗುತ್ತದೆ. ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನೂ ಕೇಳಿ ತಿಳಿಯಬೇಕು. ಮೊದಲ ನೆರವಿಗೆ ಬಡಾವಣೆಯ ದಂತವೈದ್ಯರೇ ಸಾಕು. ಮುಂದಿನ ಚಿಕಿತ್ಸೆಗೆ ನವಿ ಮುಂಬಯಿಯ ನೆರುಳ್ ಮತ್ತು ಖಾರ್ಘರ್‌ಗಳಲ್ಲಿ ದಂತ ಮಹಾವಿದ್ಯಾಲಯಗಳಿವೆ. ಬೆಳವಣಿಗೆ ಪೂರ್ಣಗೊಂಡ ಹಲ್ಲು ಕಳಚಿ ಮರಳಿ ಕೂತಿದ್ದರೆ 2 ವಾರಗಳೊಳಗೆ ಬೇರುನಾಳದ ಚಿಕಿತ್ಸೆ ಆರಂಭವಾಗಬೇಕು. ನೋವು ನಿಂತಿತೆಂದು ಇದನ್ನು ಕೈಬಿಡುವವರೇ ಹೆಚ್ಚು. ಬೇರು ಒಳಗೊಳಗೇ ಕರಗುವುದು ನೋವಿಲ್ಲದೆಯೇ ನಡೆಯುವುದರಿಂದ, ವೈದ್ಯರು ತಿಳಿಸಿದಂತೆ ಕನಿಷ್ಠ 5 ವರ್ಷ ಎಕ್ಸ್-ರೇ ತಪಾಸಣೆ ಮುಂದುವರಿಯಬೇಕು.