ಎರಡು ನಿಮಿಷದ ಭಯ

(ಸಂಘದ ವಿದ್ಯಾರ್ಥಿ ಶಾಖೆಯ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡುವ ನಮ್ಮನ್ನು ಸಿನಿಮಾದ ವಿಷಯವಾಗಿ ಮಾತನಾಡಲು ನಿಲ್ಲಿಸಿದ್ದೇಕೆಂದು ತಮ್ಮಲ್ಲಿ ಹಲವರು ಯೋಚಿಸುತ್ತಿರಬಹುದು. ಕಾರಣವುಂಟು. ನಮ್ಮ ಸಂಘದ ಏಳು ಮಂದಿ ಕಾಲೇಜು ವಿದ್ಯಾರ್ಥಿಗಳು ಒಂದು ಥ್ರಿಲ್ಲರ್ ಚಿತ್ರದ ಆರಂಭವನ್ನು ತೆಗೆಯಲು ಹೊರಟಿದ್ದಾರೆ. ಇಡೀ ಚಿತ್ರವನ್ನಲ್ಲ, ಅದಕ್ಕೆ ಹಣವೂ ಇಲ್ಲ, ಪರೀಕ್ಷೆಗಳ ನಡುವೆ ವೇಳೆಯೂ ಇಲ್ಲ. ಮೊದಲ ಎರಡು ನಿಮಿಷ ಮಾತ್ರ. ಆ ಎರಡು ನಿಮಿಷದಲ್ಲಿ ಕಳ್ಳನೊಬ್ಬನು ಬ್ಯಾಂಕಿನ ಹೆಸರು ಹೇಳಿಕೊಂಡು ಬರುತ್ತಾನೆ. ಆದುದರಿಂದ ನಾವೂ ಬರಬೇಕಾಯಿತು.

ಥ್ರಿಲ್ಲರ್ ಎಂದೊಡನೆ ಹಿರಿಯರು ಹುಬ್ಬು ಗಂಟಿಕ್ಕಬೇಕಾದ್ದಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ನಡುವೆ ಅಡಗಿಸಿಟ್ಟು ಓದಿದವರು ಈ ಸಭೆಯಲ್ಲಿಯೂ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ವಿದ್ಯಾರ್ಥಿಗಳ ಮೊದಲಿನ ಯೋಜನೆ ಬೇರೆಯೇ ಇದ್ದಿತು. ಕತ್ತಲೆಯ ಗೋದಾಮು, ಕರಿಯ ಕೋಟು, ಆಟಿಕೆಯ ಪಿಸ್ತೂಲು, ನೆತ್ತರಿಗೆ ಬದಲು ಕೋಕಂ ಶರಬತ್ತು. ಮಾತೆಲ್ಲ ಇಂಗ್ಲಿಷು. ಕಾಗದದ ಮೇಲೆ ಅದು ಬಹು ಭಯಂಕರವಾಗಿ ಕಂಡಿತಂತೆ. ಮೊಬೈಲಿನಲ್ಲಿ ಪರೀಕ್ಷೆಗೆಂದು ತೆಗೆದು ನೋಡಿದಾಗ ಮನೆಮಂದಿಯೆಲ್ಲ ನಕ್ಕರು.

ನಗು ಏಕೆ ಬಂದಿತು? ಬೆಚ್ಚಿಬೀಳುವುದು ಬೇರೆ, ಭಯದಿಂದ ಕಾಯುವುದು ಬೇರೆ. 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರೂಫೋ ಅವರೊಡನೆ ನಡೆಸಿದ ಸಂಭಾಷಣೆಯಲ್ಲಿ ಹಿಚ್‌ಕಾಕ್ ಇದನ್ನು ಬಿಡಿಸಿ ಹೇಳಿದ್ದಾರೆ. ಇಬ್ಬರು ಮೇಜಿನ ಮುಂದೆ ಕುಳಿತು ಹರಟುತ್ತಿದ್ದಾರೆ. ಥಟ್ಟನೆ ಬಾಂಬು ಸಿಡಿಯಿತು. ಪ್ರೇಕ್ಷಕನಿಗೆ ದೊರೆತದ್ದು ಹದಿನೈದು ಸೆಕೆಂಡಿನ ಬೆರಗು. ಅದೇ ಬಾಂಬು ಮೇಜಿನ ಕೆಳಗಿರುವುದನ್ನು ಮೊದಲೇ ಪ್ರೇಕ್ಷಕನಿಗೆ ತೋರಿಸಿಬಿಡಿ. ಆಗ ಆ ಒಣಹರಟೆಯನ್ನೇ ಅವನು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾನೆ. ಪಾತ್ರಕ್ಕೆ ಗೊತ್ತಿಲ್ಲದ್ದು ನಮಗೆ ಗೊತ್ತು. ಕೂಗಿ ಹೇಳೋಣವೆಂದರೆ ಪರದೆಯೊಳಕ್ಕೆ ಕೇಳಿಸದು.

ಇದಕ್ಕೆ ದೂರದ ಹಾಲಿವುಡ್ಡಿಗೇ ಹೋಗಬೇಕಾಗಿಲ್ಲ. 1956ರಲ್ಲಿ ಇದೇ ಮುಂಬಯಿಯಲ್ಲಿ ತಯಾರಾದ ‘ಸಿ.ಐ.ಡಿ.’ ಚಿತ್ರವನ್ನು ನೋಡಿ. ಮೊದಲಿಗೇ ದೂರವಾಣಿಯ ಕರೆಗಳು. ಪತ್ರಿಕಾ ಸಂಪಾದಕನೊಬ್ಬನ ಕೊಲೆಯ ಸಂಚು ಬಾಯಿಂದ ಬಾಯಿಗೆ ಸಾಗುತ್ತದೆ. ನಿರ್ದೇಶಕರು ರಾಜ್ ಖೋಸ್ಲಾ. ನಿರ್ಮಾಪಕರು ಬೆಂಗಳೂರಿನಲ್ಲಿ ಹುಟ್ಟಿದ, ಪಡುಕೋಣೆ ಮನೆತನದ ಗುರುದತ್ತರು. ಕ್ಯಾಮೆರಾ ಹಿಡಿದವರು ನಮ್ಮ ವಿ. ಕೆ. ಮೂರ್ತಿಯವರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಮೂರ್ತಿಯವರೂ ಒಂದು ಕಾಲಕ್ಕೆ ನಿಮ್ಮಂತೆ ವಿದ್ಯಾರ್ಥಿಯೇ. ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎನಿಸಿರುವ ಬೆಂಗಳೂರಿನ ಸಂಸ್ಥೆಯಲ್ಲಿ ಛಾಯಾಗ್ರಹಣ ಕಲಿತು ಈ ಊರಿಗೆ ಬಂದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಹೆಸರಾಂತ ಬೆಳಕಿನ ಕೋಲಿಗೆ ಅವರು ಬಳಸಿದ್ದು ಹೊರಗಿನ ಬಿಸಿಲನ್ನೂ ದೊಡ್ಡ ಕನ್ನಡಿಗಳನ್ನೂ. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರಲ್ಲಿ ಅದನ್ನು ಮೊದಲು ಪಡೆದವರು ಅವರೇ. ದೀಪಗಳಿಗೆ ಬಾಡಿಗೆ ಹೊಂದಿಸಲಾರದ ನಮ್ಮ ಹುಡುಗರು ಈಗ ಗೋಡ್ರೆಜ್ ಕಪಾಟಿನ ಕನ್ನಡಿಯ ಮುಂದೆ ಬಿಸಿಲಿಗಾಗಿ ಕಾಯುತ್ತಿದ್ದಾರೆ!

ಇನ್ನು ಅವರ ಹೊಸ ಯೋಜನೆ. ಮೊದಲ ಚಿತ್ರಿಕೆಯಲ್ಲಿ ಒಂದು ಕೈ, ಒಂದು ಪಟ್ಟಿ. ಹೆಸರು, ವಯಸ್ಸು, ಊರು. ಕೆಲವು ಹೆಸರುಗಳ ಮೇಲೆ ಗೀಟು ಎಳೆದಾಗಿದೆ. ಬೆರಳು ಮುಂದಿನ ಹೆಸರಿನ ಮೇಲೆ ನಿಲ್ಲುತ್ತದೆ. ಎರಡನೆಯದರಲ್ಲಿ ಡೊಂಬಿವಲಿಯ ಒಂದು ಫ್ಲಾಟು. ಮಗ ಸೊಸೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿದ್ದಾರೆ. ಅಜ್ಜಿ ಬಸಳೆ ಸೋಸುತ್ತಿದ್ದಾಳೆ. ಕುಕ್ಕರು ಒಂದು ಸೀಟಿ ಹೊಡೆಯಿತು. ಫೋನು ಬಂದಿತು.

ಆ ದನಿ ಏನು ಹೇಳಬೇಕೆಂಬುದರಲ್ಲಿ ಎಲ್ಲರೂ ಸಿಕ್ಕಿಬಿದ್ದರು. ಸಂಭಾಷಣೆ ಬರೆಯುವ ಹುಡುಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ದೇವನಾಗರಿಯಲ್ಲಿ ಬರೆದುಕೊಂಡು ಬಂದಿದ್ದ. “ನಿಮ್ಮ ಖಾತೆ ಬಂದ್ ಆಗುತ್ತದೆ, ಒ.ಟಿ.ಪಿ. ಹೇಳಿ” ಎಂಬುದೇ ಮೊದಲ ಮಾತು. ಪಾತ್ರಕ್ಕೆ ಒಪ್ಪಿದ ಅಜ್ಜಿಯವರು ಅದನ್ನು ಕೇಳಿ, “ಹೀಗೆ ಗದರಿಸಿದರೆ ನಾನು ಫೋನು ಇಟ್ಟೇಬಿಡುತ್ತೇನೆ, ಮಗಾ. ಅವನು ಮೊದಲು ನನ್ನ ಊರು ಯಾವುದೆಂದು ಕೇಳಲಿ” ಎಂದರು.

ಮಿತ್ರರೆ, ಆ ಒಂದು ಮಾತಿನಿಂದ ಚಿತ್ರಕ್ಕೆ ಜೀವ ಬಂದಿತು. “ಯಾವ ಊರಮ್ಮ ನಿಮ್ಮದು? ಕುಂದಾಪುರವೆ? ನಮ್ಮ ತಾಯಿಯ ಕಡೆಯವರೂ ಅಲ್ಲಿಯವರೇ. ಊಟವಾಯಿತೆ?” ಈ ಊರಲ್ಲಿ ಇಡೀ ದಿನ ಮರಾಠಿ, ಹಿಂದಿ ಕೇಳುವ ಕಿವಿಗೆ ಇದಕ್ಕಿಂತ ಹಿತವಾದದ್ದು ಉಂಟೆ? ಪಟ್ಟಿಯನ್ನು ಮೊದಲೇ ಕಂಡ ನಮಗೆ ಮಾತ್ರ ಪ್ರತಿಯೊಂದು ಸವಿನುಡಿಯೂ ಮುಳ್ಳಿನಂತೆ ಚುಚ್ಚುತ್ತದೆ. ಪಿಸ್ತೂಲು ಮಾಡಲಾರದ ಕೆಲಸವನ್ನು “ಊಟವಾಯಿತೆ” ಮಾಡಿತು.

ಹಿರಿಯರೊಬ್ಬರು ಆಕ್ಷೇಪವೆತ್ತಿದ್ದಾರೆ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡ ಮಾತನಾಡುವವನನ್ನೇ ಕಳ್ಳನೆಂದು ತೋರಿಸುವುದೆ? ಅವನ ಬಾಯಲ್ಲಿ ಬೇರೆ ಭಾಷೆ ಇಡಿ ಎಂದರು. ಅವರ ಅಭಿಮಾನಕ್ಕೆ ನಮ್ಮ ಗೌರವವಿದೆ, ಸಲಹೆಗೆ ಒಪ್ಪಿಗೆಯಿಲ್ಲ. ಬೇರೆ ಭಾಷೆ ಇಟ್ಟರೆ ಅಜ್ಜಿ ಫೋನು ಇಟ್ಟುಬಿಡುತ್ತಾಳೆ, ಚಿತ್ರವೂ ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತು. ಹೀಗೆ ಹಣ ಕಳೆದುಕೊಂಡ ವೃದ್ಧರನ್ನು ನಾವು ಕೌಂಟರಿನಲ್ಲಿ ಕಂಡಿದ್ದೇವೆ. ಪಾಸ್‌ಬುಕ್ಕು ನೀಡಿ ಸುಮ್ಮನೆ ನಿಲ್ಲುತ್ತಾರೆ. ಹಣ ಹೋದ ಸಂಕಟಕ್ಕಿಂತ ಮಕ್ಕಳಿಗೆ ತಿಳಿದೀತೆಂಬ ನಾಚಿಕೆ ದೊಡ್ಡದು. ಯಾವ ಬ್ಯಾಂಕೂ ಫೋನಿನಲ್ಲಿ ಒ.ಟಿ.ಪಿ. ಕೇಳುವುದಿಲ್ಲ, ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಇದನ್ನು ನಾವು ದಿನವೂ ಹೇಳುತ್ತೇವೆ. ನಾಚಿ ನಿಂತವರಿಗೆ ಅದು ಕಿವಿಗೆ ಹೋಗುವುದಿಲ್ಲ. ಪರದೆಯ ಮೇಲಿನ ಅಜ್ಜಿಯನ್ನು ಕಂಡಾಗ ಮನೆಯಲ್ಲಿ ಮಾತು ತೆರೆದೀತು.

ಕೊನೆಯ ಚಿತ್ರಿಕೆಯನ್ನು ವಿದ್ಯಾರ್ಥಿಗಳು ಜಾಣತನದಿಂದ ಯೋಜಿಸಿದ್ದಾರೆ. ಫೋನಿಗೆ ಅಂಕಿಗಳು ಬಂದ ಟಿಂಗ್ ಸದ್ದು. ಅಜ್ಜಿ ಕನ್ನಡಕ ಹುಡುಕುತ್ತಾಳೆ. ಅದು ಅವಳ ತಲೆಯ ಮೇಲೆಯೇ ಇದೆ. ಕುಕ್ಕರು ಮೂರನೆಯ ಸೀಟಿ ಹೊಡೆಯುತ್ತದೆ, ಪರದೆ ಕಪ್ಪಾಗುತ್ತದೆ, ಶೀರ್ಷಿಕೆ. ಹೇಳಿದಳೋ ಇಲ್ಲವೋ ತಿಳಿಯದು.

ರೈಲ್ವೆ ಪ್ಲಾಟ್‌ಫಾರ್ಮಿನ ದೃಶ್ಯವನ್ನು ಕೈಬಿಟ್ಟಿದ್ದಾರೆ. ಅಲ್ಲಿ ಚಿತ್ರೀಕರಣಕ್ಕೆ ರೈಲ್ವೆಯವರ ಅನುಮತಿ ಬೇಕು. ಫ್ಲಾಟಿನ ಸೊಸೈಟಿಯ ಕಾರ್ಯದರ್ಶಿಗಳು ಒಂದು ಭಾನುವಾರ ಬೆಳಗಿಗೆ ಒಪ್ಪಿದ್ದಾರೆ. ಉಳಿದಿರುವುದು ಫೋನಿನ ದನಿ. ಹತ್ತು ಮಂದಿ ತರುಣರ ಕಂಠವನ್ನು ಪರೀಕ್ಷಿಸಿದರು; ಅಜ್ಜಿಯವರು ಹತ್ತನ್ನೂ ತಿರಸ್ಕರಿಸಿದರು. ಊರಿನ ಕನ್ನಡವನ್ನು ಸರಾಗವಾಗಿ ಆಡಬಲ್ಲವರು ಸಭೆ ಮುಗಿದ ಮೇಲೆ ಕಚೇರಿಯಲ್ಲಿ ಹೆಸರು ಕೊಡಬೇಕಾಗಿ ವಿನಂತಿ.