ಎಸ್‌ಯುವಿಗೆ ಮಡ್ ಫ್ಲಾಪ್ ಆರಿಸೋದು ಹೇಗೆ?

ಪುಣೆಯಿಂದ ಊರಿಗೆ ಹೊರಟು ಮಳೆಯಲ್ಲಿ ಖಂಬಾಟ್ಕಿ ಘಾಟ್ ಹತ್ತಿದವರಿಗೆ ಗೊತ್ತು: ಮುಂದಿನ ದೊಡ್ಡ ಗಾಡಿ ಎರಚೋ ಕೆಸರುನೀರಿಗೆ ರಸ್ತೆಯೇ ಕಾಣಲ್ಲ. ನಮಗೆ ವೈಪರ್ ಆದ್ರೂ ಇದೆ, ಬೈಕಿನವರಿಗೆ ಅದೂ ಇಲ್ಲ. ಹಾಗಾಗಿ ಮಡ್ ಫ್ಲಾಪ್ ಅಂದ್ರೆ ಬರೀ ನಮ್ಮ ಪೇಂಟ್ ಉಳಿಸೋ ವಿಷಯ ಅಲ್ಲ.

ಮೊದಲು ಅಗಲ. ಟೈರನ್ನು ಪೂರ್ತಿ ಮುಚ್ಚಬೇಕು. ಅಗಲದ ಟೈರ್ ಹಾಕಿಸಿದ್ದರೆ ಕಂಪನಿ ಫ್ಲಾಪ್ ಸಾಲದೇ ಹೋಗಬಹುದು.

ಆಮೇಲೆ ಉದ್ದ. ಗಿಡ್ಡವಾದ್ರೆ ನೀರು ಕೆಳಗಿಂದ ಹಾರುತ್ತೆ. ತೀರಾ ಉದ್ದವಾದ್ರೆ ರಿವರ್ಸ್ ತಗೊಳ್ಳುವಾಗ ಟೈರಿನಡಿ ಸಿಕ್ಕಿ ಕಿತ್ತು ಬರುತ್ತೆ. ಜನ, ಲಗೇಜು ತುಂಬಿದಾಗ ಗಾಡಿ ಕೆಳಗೆ ಕೂರುತ್ತೆ. ಆಗಲೇ ಅಳತೆ ನೋಡಿ.

ಗಟ್ಟಿ ಪ್ಲಾಸ್ಟಿಕ್ ನೀಟಾಗಿ ಕೂರುತ್ತೆ, ಆದ್ರೆ ಕಲ್ಲು ತಾಗಿದ್ರೆ ಸೀಳಬಹುದು. ರಬ್ಬರ್ ಬಾಗಿ ಮತ್ತೆ ನೆಟ್ಟಗಾಗುತ್ತೆ. ಊರಿನ ಮಣ್ಣುರಸ್ತೆಗೆ ರಬ್ಬರೇ ವಾಸಿ.

ಫಿಟ್ಟಿಂಗ್‌ಗೆ ಗಾಡಿಯಲ್ಲಿ ಇರೋ ತೂತುಗಳನ್ನೇ ಬಳಸಿ. ತಗಡಿಗೆ ಹೊಸದು ಕೊರೆದರೆ ತುಕ್ಕು ಅಲ್ಲಿಂದಲೇ ಶುರು. ಹಾಕಿಸಿದ ಮೇಲೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಟೈರ್ ಉಜ್ಜಬಾರದು.

ಕೊನೆಗೆ ಗಾಡಿಯ ಹಿಂದೆ ನಿಂತು ನೋಡಿ. ಫ್ಲಾಪಿನ ಪಕ್ಕದಲ್ಲಿ ಟೈರ್ ಕಂಡರೆ, ಹಿಂದೆ ಬರೋರ ಮುಖಕ್ಕೆ ಕೆಸರು ಅಲ್ಲಿಂದಲೇ. ಮುಂಗಾರಿಗೆ ಮುಂಚೆ ಸರಿಮಾಡಿಸಿ.