ಇಂಧನದ ಹಾದಿ ಬದಲಾಗುತ್ತಿದೆ: ಹೊರೆ ಯಾರ ಹೆಗಲಿಗೆ?



ಇಂಧನ ನೀತಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ, ಇದು ದಿಲ್ಲಿಯ ಮಂತ್ರಿಗಳಿಗೂ ಇಂಜಿನಿಯರುಗಳಿಗೂ ಸಂಬಂಧಿಸಿದ ವಿಚಾರ, ನಮಗೇನು ಎಂದು ಹಲವರಿಗೆ ಅನಿಸಬಹುದು. ಆದರೆ ನಮ್ಮ ಮನೆಗಳನ್ನೇ ಒಮ್ಮೆ ನೋಡಿಕೊಳ್ಳೋಣ. ಅಡುಗೆ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಇದೆ. ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಮನೆಯ ಯಜಮಾನ ಆಟೋ ಓಡಿಸುತ್ತಾನೆ, ಇಲ್ಲವೇ ಗ್ಯಾರೇಜ್ ಇಟ್ಟುಕೊಂಡಿದ್ದಾನೆ, ಇಲ್ಲವೇ ಲಾರಿಯಲ್ಲಿ ದುಡಿಯುತ್ತಾನೆ. ಆತನ ಅನ್ನ ಪೆಟ್ರೋಲು, ಡೀಸೆಲಿನ ಮೇಲೆ ನಿಂತಿದೆ. ಇನ್ನು ಕೆಲವು ಮನೆಗಳ ಮಗನೋ ಅಳಿಯನೋ ಗಲ್ಫ್‌ನಲ್ಲಿದ್ದಾನೆ. ತೈಲದ ಹಣದಿಂದಲೇ ಈ ಮನೆಗಳ ಗೋಡೆಗಳು ಎದ್ದಿವೆ, ಮಕ್ಕಳ ಮದುವೆಗಳು ನಡೆದಿವೆ. ಹಾಗಿರುವಾಗ ಜಗತ್ತು ಕಲ್ಲಿದ್ದಲು ಮತ್ತು ತೈಲವನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ ಎಂದಾದರೆ, ಆ ಬದಲಾವಣೆ ಮೊದಲು ಬಂದು ಬಾಗಿಲು ತಟ್ಟುವುದು ನಮ್ಮಂಥವರ ಮನೆಗಳನ್ನೇ.

ಈ ಬದಲಾವಣೆ ಬೇಕೇ ಎಂಬುದು ಮೊದಲ ಪ್ರಶ್ನೆ. ಬೇಕು ಎಂಬುದರಲ್ಲಿ ಸಂಶಯವಿಲ್ಲ. ಕಲ್ಲಿದ್ದಲು, ತೈಲ ಮತ್ತು ಅನಿಲವನ್ನು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಭೂಮಿಯ ತಾಪವನ್ನು ಏರಿಸುತ್ತಿದೆ. ಬಿಸಿಲಿಗೆ ಮೊದಲು ಕುಸಿಯುವವನು ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವನಲ್ಲ. ತಗಡಿನ ಶೀಟಿನ ಕೆಳಗೆ ವೆಲ್ಡಿಂಗ್ ಮಾಡುವವನು, ತಳ್ಳುಗಾಡಿಯಲ್ಲಿ ಹಣ್ಣು ಮಾರುವವನು.

ಬದಲಾವಣೆಗೆ ಇನ್ನೊಂದು ಕಾರಣವೂ ಇದೆ. ಅದು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ತೈಲದ ಚರಿತ್ರೆಯನ್ನು ತೆರೆದು ನೋಡಿದರೆ ಅದರ ಪುಟಗಳಲ್ಲಿ ರಕ್ತದ ಕಲೆ ಕಾಣುತ್ತದೆ. 1951ರಲ್ಲಿ ಇರಾನ್ ಬ್ರಿಟಿಷರ ಹಿಡಿತದಲ್ಲಿದ್ದ ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಣಗೊಳಿಸಿತು. ಎರಡೇ ವರ್ಷಗಳಲ್ಲಿ, 1953ರಲ್ಲಿ, ಪ್ರಧಾನಿ ಮುಸದ್ದಿಕ್‌ರನ್ನು ಅಮೆರಿಕ ಮತ್ತು ಬ್ರಿಟನ್‌ಗಳ ಗೂಢಚಾರರು ಸಂಚು ಹೂಡಿ ಕೆಳಗಿಳಿಸಿದರು. 1973ರ ಅರಬ್-ಇಸ್ರೇಲ್ ಯುದ್ಧದ ವೇಳೆ ಅರಬ್ ರಾಷ್ಟ್ರಗಳು ತೈಲ ದಿಗ್ಬಂಧನ ವಿಧಿಸಿದಾಗ, ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳುಗಳಲ್ಲಿ 12 ಡಾಲರ್‌ನ ಹತ್ತಿರಕ್ಕೇರಿತು. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.70 ಲಕ್ಷ ಭಾರತೀಯರನ್ನು ವಿಮಾನದಲ್ಲಿ ತಾಯ್ನಾಡಿಗೆ ಕರೆತರಬೇಕಾಯಿತು. 2003ರಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ನೆಪದಿಂದ ಇರಾಕಿನ ಮೇಲೆ ದಾಳಿ ನಡೆಯಿತು. ಅಸ್ತ್ರಗಳು ಸಿಗಲೇ ಇಲ್ಲ. ಹೋದ ಪ್ರಾಣಗಳು ಮರಳಲಿಲ್ಲ.

ಇದೆಲ್ಲ ಪರದೇಶದ ಕಥೆಯೆಂದು ತಳ್ಳಿಹಾಕುವಂತಿಲ್ಲ. ಭಾರತ ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇ. 85ಕ್ಕಿಂತಲೂ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತದೆ. ಇರಾನಿನ ತೈಲ ನಮಗೆ ಹತ್ತಿರದ ದಾರಿ. ಆದರೂ ಅಮೆರಿಕದ ನಿರ್ಬಂಧಕ್ಕೆ ಮಣಿದು 2019ರಲ್ಲಿ ನಾವು ಅದನ್ನು ನಿಲ್ಲಿಸಿದೆವು. ಉಕ್ರೇನ್ ಯುದ್ಧದ ಬಳಿಕ ಅಗ್ಗವಾಗಿ ದೊರೆತ ರಷ್ಯಾದ ತೈಲವನ್ನು ಕೊಂಡದ್ದಕ್ಕಾಗಿ 2025ರ ಆಗಸ್ಟ್‌ನಲ್ಲಿ ಅದೇ ಅಮೆರಿಕ ನಮ್ಮ ಸರಕುಗಳ ಮೇಲೆ ಶೇ. 25ರ ಹೆಚ್ಚುವರಿ ಸುಂಕ ಹೇರಿತು. ಯಾರಿಂದ ಎಣ್ಣೆ ಕೊಳ್ಳಬೇಕೆಂಬುದನ್ನು ಬೇರೊಬ್ಬರು ನಿರ್ಧರಿಸುವಂತಾದರೆ ಅಂಥ ಸ್ವಾತಂತ್ರ್ಯಕ್ಕೆ ಎಷ್ಟು ಅರ್ಥ? ನಮ್ಮ ಬಿಸಿಲಿಗೆ ಮತ್ತು ನಮ್ಮ ಗಾಳಿಗೆ ಯಾರೂ ದಿಗ್ಬಂಧನ ಹಾಕಲಾರರು. ಸೌರಫಲಕಗಳ ಬಿಡಿಭಾಗಗಳಿಗೆ ಚೀನಾವನ್ನು ಅವಲಂಬಿಸಬೇಕಾದ ಪರಿಸ್ಥಿತಿ ಇದೆಯೆಂಬುದು ನಿಜ. ಆದರೆ ಫಲಕವನ್ನು ಒಮ್ಮೆ ಕೊಂಡರೆ ಇಪ್ಪತ್ತೈದು ವರ್ಷ ಬಾಳುತ್ತದೆ. ತೈಲವನ್ನು ದಿನನಿತ್ಯ ಕೊಳ್ಳಬೇಕು.

ಮಾನ್ಯರೇ, ಈಗ ಕಲ್ಲಿದ್ದಲಿನ ವಿಚಾರಕ್ಕೆ ಬರೋಣ. ತೈಲ ಹೊರಗಿನದಾದರೆ ಕಲ್ಲಿದ್ದಲು ನಮ್ಮದೇ ನೆಲದ್ದು. ಆದ್ದರಿಂದಲೇ ಅದನ್ನು ಬಿಡುವುದು ಹೆಚ್ಚು ಕಷ್ಟ. 2025ರ ಜೂನ್ ವೇಳೆಗೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಪಳೆಯುಳಿಕೆಯೇತರ ಮೂಲಗಳಿಂದ, ಅಂದರೆ ಸೂರ್ಯ, ಗಾಳಿ, ನೀರು ಮತ್ತು ಅಣುವಿನಿಂದ ಎಂದು ಸರಕಾರ ಹೆಮ್ಮೆಯಿಂದ ಪ್ರಕಟಿಸಿತು. ಹೆಮ್ಮೆಪಡುವ ಸಂಗತಿಯೇ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೌರಫಲಕ ರಾತ್ರಿ ಕೆಲಸ ಮಾಡುವುದಿಲ್ಲ. ಗಾಳಿಯಂತ್ರ ಗಾಳಿ ಬೀಸಿದಾಗ ಮಾತ್ರ ತಿರುಗುತ್ತದೆ. ನಮ್ಮ ಮನೆಗಳಿಗೆ ನಿಜವಾಗಿ ಹರಿಯುವ ವಿದ್ಯುತ್ತಿನಲ್ಲಿ ಈಗಲೂ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದಲೇ ಬರುತ್ತದೆ. 2024-25ರಲ್ಲಿ ದೇಶದ ಕಲ್ಲಿದ್ದಲು ಉತ್ಪಾದನೆ ಮೊದಲ ಬಾರಿಗೆ 100 ಕೋಟಿ ಟನ್ ದಾಟಿತು. ಕಲ್ಲಿದ್ದಲಿನ ಒಂದು ಗಣಿಯೂ ಇಲ್ಲದ ನಮ್ಮ ಕರ್ನಾಟಕದಲ್ಲಿಯೂ 1985ರಿಂದ ರಾಯಚೂರಿನ ಶಕ್ತಿನಗರದಲ್ಲಿ ಹೊರ ರಾಜ್ಯಗಳ ಕಲ್ಲಿದ್ದಲು ಉರಿಯುತ್ತಿದೆ. ಬೆಳಕು ರಾಜ್ಯಕ್ಕೆಲ್ಲ ಹಂಚಿಕೆಯಾಗುತ್ತದೆ. ಹಾರುಬೂದಿ ಮಾತ್ರ ಅಲ್ಲಿಯ ಜನರ ಪಾಲಿಗೆ.

2021ರಲ್ಲಿ ಗ್ಲಾಸ್ಗೊ ಸಮ್ಮೇಳನದಲ್ಲಿ ಭಾರತ 2070ರೊಳಗೆ ತನ್ನ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಶೂನ್ಯಕ್ಕಿಳಿಸುವ ವಾಗ್ದಾನ ನೀಡಿತು. ಅದೇ ಸಮ್ಮೇಳನದ ಕೊನೆಯ ಗಳಿಗೆಯಲ್ಲಿ, ಕಲ್ಲಿದ್ದಲನ್ನು ‘ನಿಲ್ಲಿಸುವುದು’ ಎಂಬುದರ ಬದಲಿಗೆ ‘ತಗ್ಗಿಸುವುದು’ ಎಂಬ ಪದವನ್ನು ಭಾರತ ಪಟ್ಟುಹಿಡಿದು ಸೇರಿಸಿತು. ಪಾಶ್ಚಾತ್ಯ ಪತ್ರಿಕೆಗಳು ಇದನ್ನು ಟೀಕಿಸಿದವು. ಆದರೆ ಪ್ರಾಮಾಣಿಕವಾಗಿ ಯೋಚಿಸೋಣ. ಒಬ್ಬ ಅಮೆರಿಕನ್ ಪ್ರಜೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್‌ಗೆ ಕಾರಣನಾದರೆ, ಒಬ್ಬ ಭಾರತೀಯನ ಪಾಲು ಸುಮಾರು 2 ಟನ್. ಬಡ ರಾಷ್ಟ್ರಗಳಿಗೆ 2020ರೊಳಗೆ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು ಒದಗಿಸುವುದಾಗಿ ಶ್ರೀಮಂತ ರಾಷ್ಟ್ರಗಳು 2009ರಲ್ಲಿ ಮಾತು ಕೊಟ್ಟಿದ್ದವು. ಅವರದೇ ಲೆಕ್ಕದಲ್ಲಿ ಆ ಮೊತ್ತ ತಲುಪಿದ್ದು ಎರಡು ವರ್ಷ ತಡವಾಗಿ, 2022ರಲ್ಲಿ. ಇನ್ನೂರು ವರ್ಷ ಹೊಗೆಯುಗುಳಿ ಶ್ರೀಮಂತರಾದವರು, ಈಗಷ್ಟೇ ಬಲ್ಬು ಹೊತ್ತಿಸಿಕೊಂಡವನಿಗೆ ದೀಪ ಆರಿಸು ಎನ್ನುವುದು ನ್ಯಾಯವಲ್ಲ.

ಆದರೆ ಸಹೋದರರೇ, ಜಾಗತಿಕ ವೇದಿಕೆಯಲ್ಲಿ ನಾವು ಕೇಳುವ ನ್ಯಾಯವನ್ನು ನಮ್ಮ ಮನೆಯೊಳಗೆ ಪಾಲಿಸುತ್ತಿದ್ದೇವೆಯೇ?

ನಮ್ಮ ಸರಕಾರಗಳ ಖಜಾನೆ ತೈಲಕ್ಕೆ ಹೇಗೆ ಅಂಟಿಕೊಂಡಿದೆ ಎಂಬುದನ್ನು ಗಮನಿಸಿರಿ. 2014ರ ನಡುವಿನಿಂದ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಚ್ಚಾತೈಲದ ಬೆಲೆ ಕುಸಿಯಿತು. ಅದರ ಲಾಭ ಜನರಿಗೆ ಸಿಗಬೇಕಿತ್ತು. ಆದರೆ 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ ಕೇಂದ್ರ ಸರಕಾರ ಅಬಕಾರಿ ಸುಂಕವನ್ನು ಒಂಬತ್ತು ಬಾರಿ ಏರಿಸಿತು. 2014ರಲ್ಲಿ ಲೀಟರ್ ಪೆಟ್ರೋಲಿನ ಮೇಲೆ 9.48 ರೂಪಾಯಿ ಇದ್ದ ಕೇಂದ್ರದ ಸುಂಕ, ಕೊರೋನದಿಂದ ಜನ ಕಂಗೆಟ್ಟಿದ್ದ 2020ರ ಮೇ ತಿಂಗಳಲ್ಲಿ 32.98 ರೂಪಾಯಿಗೆ ಮುಟ್ಟಿತು. 2021 ಮತ್ತು 2022ರಲ್ಲಿ ಒಂದಿಷ್ಟು ಇಳಿಸಲಾಯಿತೆಂಬುದು ನಿಜ. ರಾಜ್ಯಗಳೂ ತಮ್ಮ ಪಾಲಿನ ತೆರಿಗೆಯನ್ನು ಬಿಟ್ಟುಕೊಟ್ಟಿಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಪೆಟ್ರೋಲು, ಡೀಸೆಲನ್ನು ಅದರಿಂದ ಹೊರಗಿಟ್ಟದ್ದು ಇದೇ ಕಾರಣಕ್ಕೆ. ಪೆಟ್ರೋಲು ಹಾಕಿಸುವ ಆಟೋ ಚಾಲಕನೂ ಕೋಟ್ಯಧೀಶನೂ ಲೀಟರಿಗೆ ತೆರುವ ತೆರಿಗೆ ಒಂದೇ. ಪೆಟ್ರೋಲು ಮಾರಾಟ ಕುಸಿದರೆ ಈ ಹಣವನ್ನು ಎಲ್ಲಿಂದ ತರುವುದು? ಈ ಪ್ರಶ್ನೆಗೆ ಯಾವ ಪಕ್ಷವೂ ಚುನಾವಣೆಯಲ್ಲಿ ಉತ್ತರ ನೀಡುತ್ತಿಲ್ಲ.

ಕಲ್ಲಿದ್ದಲಿನ ಕಥೆ ಇನ್ನಷ್ಟು ಸ್ವಾರಸ್ಯಕರ. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಶುದ್ಧ ಇಂಧನ ಸೆಸ್ ವಿಧಿಸಲಾಯಿತು. ಮಾಲಿನ್ಯ ಮಾಡುವ ಇಂಧನದಿಂದ ಹಣ ಪಡೆದು ಶುದ್ಧ ಇಂಧನಕ್ಕೆ ವಿನಿಯೋಗಿಸುವುದು ಒಳ್ಳೆಯ ಚಿಂತನೆಯೇ. 2016ರ ವೇಳೆಗೆ ಅದು 400 ರೂಪಾಯಿ ಆಯಿತು. ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್‌ಅನ್ನು ರಾಜ್ಯಗಳ ತೆರಿಗೆ ನಷ್ಟ ತುಂಬುವ ನಿಧಿಗೆ ತಿರುಗಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಸೆಸ್ ರದ್ದಾಗಿ, ಕಲ್ಲಿದ್ದಲಿನ ಜಿಎಸ್‌ಟಿ ದರವನ್ನು ಶೇ. 5ರಿಂದ 18ಕ್ಕೆ ಏರಿಸಲಾಯಿತು. ಶುದ್ಧ ಇಂಧನದ ಹೆಸರಿನಲ್ಲಿ ಆರಂಭವಾದ ಹಣ ಬೇರೆ ಲೆಕ್ಕಕ್ಕೆ ಸೇರಿಹೋಯಿತು. ರೈಲ್ವೆಯೂ ಕಲ್ಲಿದ್ದಲು ಸಾಗಾಟದ ಆದಾಯದ ಮೇಲೆ ನಿಂತಿದೆ. ಸರಕಿನ ಬಾಡಿಗೆಯ ಬಲದಿಂದಲೇ ಪ್ರಯಾಣಿಕರ ಟಿಕೆಟ್ ದರ ಕಡಿಮೆ ಇದೆ. ಝಾರ್ಖಂಡ್, ಛತ್ತೀಸ್‌ಗಡ, ಒಡಿಶಾದ ಎಷ್ಟೋ ಜಿಲ್ಲೆಗಳಲ್ಲಿ ಗಣಿ ಮುಚ್ಚಿದರೆ ಬೇರೆ ಜೀವನೋಪಾಯವಿಲ್ಲ. ಗಣಿಗಾರಿಕೆಗಾಗಿ ಮೊದಲು ಆದಿವಾಸಿಗಳ ನೆಲ ಹೋಯಿತು; ಗಣಿ ಮುಚ್ಚಿದಾಗ ಅವರ ಕೂಲಿಯೂ ಹೋಗಬೇಕೇ?

ಹೊಸ ಇಂಧನ ತನ್ನಷ್ಟಕ್ಕೇ ನ್ಯಾಯವನ್ನು ತರುವುದಿಲ್ಲ. ಇದಕ್ಕೆ ಉದಾಹರಣೆ ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ ಇದೆ. ಅಲ್ಲಿ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿರ್ಮಾಣವಾಯಿತು. ರೈತರ ಭೂಮಿಯನ್ನು ಕಸಿದುಕೊಳ್ಳಲಿಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಲಾಯಿತು, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆಯೂ ಇದೆ. ಬರಪೀಡಿತ ತಾಲೂಕಿನ ಭೂಮಾಲೀಕನಿಗೆ ಇದು ಆಸರೆಯೇ. ಇದನ್ನು ಮೆಚ್ಚಬೇಕು. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಭೂಮಿ ಇಲ್ಲದ ಕೂಲಿಯವರಿಗೆ ಏನು ಸಿಕ್ಕಿತು? ಗುತ್ತಿಗೆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ. ಕುರಿ ಮೇಯಿಸುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಬೇಲಿ ಬಿದ್ದ ಮೇಲೆ ಆತನ ದಾರಿಯೂ ಮುಚ್ಚಿತು.

ಪಟ್ಟಣದಲ್ಲೂ ಇದೇ ಮಾದರಿ. 2024ರಲ್ಲಿ ಕೇಂದ್ರ ಸರಕಾರ ಒಂದು ಕೋಟಿ ಮನೆಗಳ ಛಾವಣಿಯ ಮೇಲೆ ಸೌರಫಲಕ ಅಳವಡಿಸುವ ಯೋಜನೆಯನ್ನು ಘೋಷಿಸಿ, 78,000 ರೂಪಾಯಿವರೆಗೆ ಸಹಾಯಧನವಿತ್ತಿತು. ಆದರೆ ಸಹಾಯಧನ ಪಡೆಯಲು ಮೊದಲು ಛಾವಣಿ ಬೇಕು. ಇಕ್ಕಟ್ಟಾದ ಗಲ್ಲಿಯಲ್ಲಿ ಬಾಡಿಗೆ ಮನೆಯಲ್ಲಿರುವ ಕುಟುಂಬ, ಒಂದೇ ಕಟ್ಟಡವನ್ನು ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡ ಕುಟುಂಬ ಏನು ಮಾಡಬೇಕು? 2023ರಲ್ಲಿ ರಾಜ್ಯದ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ ಬಾಡಿಗೆದಾರರನ್ನೂ ಅದರಲ್ಲಿ ಸೇರಿಸಲಾಯಿತು. ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನು ನಮ್ಮ ಬೀದಿಗೆ ಬರೋಣ. ಬ್ಯಾಟರಿಯಿಂದ ಓಡುವ ವಾಹನದಲ್ಲಿ ಕಾರ್ಬ್ಯುರೇಟರ್ ಇಲ್ಲ, ಸೈಲೆನ್ಸರ್ ಇಲ್ಲ, ಇಂಜಿನ್ ಆಯಿಲ್ ಬದಲಾಯಿಸುವ ಕೆಲಸವಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಸ್ಪ್ಯಾನರ್ ಹಿಡಿದು ಶಬ್ದ ಕೇಳಿಯೇ ಇಂಜಿನಿನ ರೋಗ ಹೇಳಬಲ್ಲ ನಮ್ಮ ಮೇಸ್ತ್ರಿಗೆ ಆ ವಿದ್ಯೆ ನಾಳೆ ಅನ್ನ ಕೊಡದೇ ಹೋಗಬಹುದು. ಗಲ್ಫ್‌ನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. 2014ರ ನಂತರ ತೈಲ ಬೆಲೆ ಕುಸಿದಾಗ ಏನಾಯಿತೆಂದು ನೆನಪಿಸಿಕೊಳ್ಳಿರಿ. 2016ರಲ್ಲಿ ಸೌದಿ ಅರೇಬಿಯದಲ್ಲಿ ಸಾವಿರಾರು ಭಾರತೀಯ ಕಾರ್ಮಿಕರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಊಟಕ್ಕೂ ಪರದಾಡಿದರು. ಅವರನ್ನು ಕರೆತರುವ ಏರ್ಪಾಡಿಗೆ ಕೇಂದ್ರದ ರಾಜ್ಯ ಸಚಿವರೇ ಅಲ್ಲಿಗೆ ತೆರಳಬೇಕಾಯಿತು. ಅದೇ ವರ್ಷ ಸೌದಿಯು ತೈಲದ ಅವಲಂಬನೆ ತಗ್ಗಿಸುವ ‘ವಿಷನ್ 2030’ ಯೋಜನೆಯನ್ನು ಪ್ರಕಟಿಸಿತು. 2023ರಲ್ಲಿ ಪಳೆಯುಳಿಕೆ ಇಂಧನಗಳಿಂದ ದೂರ ಸರಿಯಬೇಕೆಂಬ ಕರೆಗೆ ಜಗತ್ತಿನ ರಾಷ್ಟ್ರಗಳು ಒಪ್ಪಿಗೆ ನೀಡಿದ್ದು ದುಬೈ ನಗರದಲ್ಲೇ. ತೈಲದ ಒಡೆಯರೇ ತೈಲದ ನಂತರದ ದಿನಗಳಿಗೆ ಸಿದ್ಧರಾಗುತ್ತಿದ್ದಾರೆ. ತೈಲದ ಕೂಲಿಯನ್ನು ನಂಬಿದ ನಾವು ಸಿದ್ಧರಾಗಿದ್ದೇವೆಯೇ?

ಆದ್ದರಿಂದ ಕೆಲವು ಬೇಡಿಕೆಗಳನ್ನು ನಾವು ನಮ್ಮ ಜನಪ್ರತಿನಿಧಿಗಳ ಮುಂದಿಡಬೇಕಾಗಿದೆ. 2015ರ ಕಾನೂನಿನಂತೆ ಗಣಿ ಕಂಪನಿಗಳು ಗಣಿಬಾಧಿತ ಜಿಲ್ಲೆಗಳ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಬೇಕು. ಅದೇ ರೀತಿ ಸೌರ ಪಾರ್ಕ್‌ಗಳ ಆದಾಯದಲ್ಲಿ ಭೂರಹಿತರಿಗೂ ಒಂದು ಪಾಲು ಏಕಿರಬಾರದು? ಬಾಡಿಗೆದಾರರಿಗೆ ಸಾಮೂಹಿಕ ಸೌರ ವ್ಯವಸ್ಥೆ ಏಕಿರಬಾರದು? ಗ್ಯಾರೇಜ್ ಕೆಲಸಗಾರರಿಗೆ ವಿದ್ಯುತ್ ವಾಹನದ ತರಬೇತಿಯನ್ನು ಪ್ರತಿ ತಾಲೂಕಿನ ಐಟಿಐಯಲ್ಲಿ ಸಂಜೆ ವೇಳೆ ಏಕೆ ಕೊಡಬಾರದು? ಹತ್ತನೇ ತರಗತಿ ಪಾಸಾಗಿಲ್ಲ ಎಂಬ ಕಾರಣಕ್ಕೆ ನುರಿತ ಕೈಯನ್ನು ಬಾಗಿಲಲ್ಲೇ ತಡೆಯಬಾರದು.

ಎಲ್ಲವನ್ನೂ ಸರಕಾರದ ಮೇಲೆ ಹೊರಿಸಿ ನಾವು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ. ಸೌರಫಲಕ ಅಳವಡಿಸುವ ಕೆಲಸಕ್ಕಾಗಿ ‘ಸೂರ್ಯಮಿತ್ರ’ ತರಬೇತಿ 2015ರಿಂದಲೇ ಇದೆ. ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಅದರ ಹೆಸರು ಕೇಳಿದ್ದಾರೆ? ಪಾಸ್‌ಪೋರ್ಟ್ ಮಾಡಿಸಲು ತೋರುವ ಉತ್ಸಾಹದ ಅರ್ಧವನ್ನು ಒಂದು ಹೊಸ ಕಸುಬು ಕಲಿಯಲು ತೋರಿದರೂ ಸಾಕು. ಮದುವೆ ಮಂಟಪಗಳಲ್ಲಿ ರಾತ್ರಿಯಿಡೀ ಉರಿಯುವ ಸಾವಿರಾರು ದೀಪಗಳು, ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನು, ಇವು ನಮ್ಮ ಪ್ರತಿಷ್ಠೆಯನ್ನು ಹೆಚ್ಚಿಸುವುದಿಲ್ಲ. ಎಲ್ಲೋ ಒಬ್ಬ ಬಡವನ ಮನೆಯಂಗಳಕ್ಕೆ ಬೂದಿಯನ್ನು ಸುರಿಯುತ್ತವೆ ಅಷ್ಟೇ.

ಕಲ್ಲಿದ್ದಲಿನ ಕಾಲದಲ್ಲಿ ಬಡವನ ಪಾಲಿಗೆ ಹೊಗೆ ಬಂತು. ತೈಲದ ಕಾಲದಲ್ಲಿ ಬೆಲೆ ಏರಿಕೆ ಬಂತು, ಯುದ್ಧ ಬಂತು. ಸೂರ್ಯನ ಕಾಲದಲ್ಲಾದರೂ ಅವನ ಪಾಲಿಗೆ ಬೆಳಕು ಬರಬೇಕು. ಬಿಸಿಲು ಯಾರ ಸ್ವತ್ತೂ ಅಲ್ಲ. ಅದನ್ನು ಕೆಲವರ ಸ್ವತ್ತಾಗಿಸದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.